ಖಾಲಿ ಡಬ್ಬಿ

ನಮ್ಮ ಲ್ಯಾಬಿನಲ್ಲಿ ‘ಖಾಲಿ’ ಅಂದರೆ ಏನೂ ಇಲ್ಲ ಅಂತ ಅರ್ಥ ಅಲ್ಲ. ಫ್ರೀಜರಿನ ಎರಡನೇ ಖಾನೆಯಲ್ಲಿ ನೀಲಿ ಮುಚ್ಚಳದ ಡಬ್ಬಿಯೊಂದಿದೆ, ಅದರ ಹೆಸರೇ ಖಾಲಿ. ಅದರ ತುಂಬಾ ನುಣ್ಣಗೆ ರುಬ್ಬಿದ ಚಿಪ್ಪಿನ ಮಾಂಸ. “ಆ ಖಾಲಿ ತುಂಬಿದೆಯಾ ನೋಡು” ಅಂತ ನಾನು ಕೂಗಿದರೆ ಹೊಸದಾಗಿ ಸೇರಿದವರು ಮುಸಿಮುಸಿ ನಗುತ್ತಾರೆ. ನಗಲಿ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ ಅಂತ ಎಲ್ಲರಿಗೂ ಗೊತ್ತು.

ಕೆಲಸ ಏನು ಅಂದರೆ, ಚಿಪ್ಪಿನೊಳಗೆ ವಿಷ ಇದೆಯಾ ಅಂತ ನೋಡೋದು. ಕಡಲ ಚಿಪ್ಪು ದಿನವಿಡೀ ನೀರು ಸೋಸಿ ಹೊಟ್ಟೆ ತುಂಬಿಸಿಕೊಳ್ಳುತ್ತೆ. ಕೆಲವು ವಾರ ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಒಂದು ಜಾತಿ ಪಾಚಿ ಇದ್ದಕ್ಕಿದ್ದಂತೆ ಹೆಚ್ಚಾಗುತ್ತೆ, ವಿಷ ಇರೋದು ಅದರಲ್ಲಿ. ಚಿಪ್ಪಿಗೆ ಏನೂ ಆಗಲ್ಲ, ಆರಾಮಾಗಿರುತ್ತೆ. ತಿಂದವರಿಗೆ ಮೊದಲು ತುಟಿ ಜುಮ್ ಅನ್ನುತ್ತೆ. ಆಮೇಲೆ ಬೆರಳು, ನಾಲಿಗೆ, ಕೈಕಾಲು, ಕೊನೆಗೆ ಉಸಿರು. ರುಚಿ ಇಲ್ಲ, ವಾಸನೆ ಇಲ್ಲ, ಬೇಯಿಸಿದರೆ ಹೋಗಲ್ಲ, ಮದ್ದೂ ಇಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಉಸಿರು ಕೊಡ್ತಾ ಇದ್ದರೆ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತೆ. ಅಷ್ಟು ಹೊತ್ತೂ ಬುದ್ಧಿ ಮಾತ್ರ ನೆಟ್ಟಗಿರುತ್ತೆ. ಕಣ್ಣು ಮುಚ್ಚಿ ಹೆಣದ ಹಾಗೆ ಬಿದ್ದಿದ್ದರೂ ಎಲ್ಲಾ ಕೇಳಿಸ್ತಾ ಇರುತ್ತೆ.

ಈ ಕೆಲಸ ನನಗೆ ಕಲಿಸಿದ್ದು ತುಟಿ ಮಾಸ್ತರು. ಆಗ ಯಂತ್ರ ಇರಲಿಲ್ಲ, ಇಲಿ ಇತ್ತು. ಚಿಪ್ಪಿನ ರಸವನ್ನು ಬಿಳಿ ಇಲಿಗೆ ಚುಚ್ಚಿ, ಸ್ಟಾಪ್‌ವಾಚ್ ಒತ್ತಿ ಅದು ಸಾಯೋ ತನಕ ನೋಡಬೇಕು. ಬೇಗ ಸತ್ತರೆ ವಿಷ ಜಾಸ್ತಿ. ಇಲಿಕೋಣೆಯ ಪುಸ್ತಕದಲ್ಲಿ ನಾಲ್ಕು ಕಾಲಂ: ಮಾದರಿ, ಶುರು, ಕೊನೆ ಉಸಿರು, ನೋಡಿದವರು. ಮೊದಲ ದಿನವೇ ನಾನು ಇಲಿ ಕೈಕಾಲು ಆಡಿಸೋದು ನಿಲ್ಲಿಸಿತು ಅಂತ ವಾಚ್ ನಿಲ್ಲಿಸಿಬಿಟ್ಟೆ. ಮಾಸ್ತರು ನನ್ನ ಮಣಿಕಟ್ಟು ಹಿಡಕೊಂಡರು.

“ಆತುರಗೇಡಿ. ಕೈಕಾಲು ನಿಂತರೆ ಸತ್ತ ಹಾಗಲ್ಲ. ಪಕ್ಕೆ ನೋಡು, ಇನ್ನೂ ಆಡ್ತಿದೆ. ಕೊನೆ ಉಸಿರಿನ ತನಕ ಕಣ್ಣು ತೆಗೀಬಾರದು. ನಾವೇ ಚುಚ್ಚಿ ಕೊಂದಿದ್ದೀವಿ, ನೋಡೋಕಾದರೂ ಒಬ್ಬರು ಇರಬೇಕು. ಈ ಕೋಣೇಲಿ ಯಾವ ಜೀವವೂ ನೋಡೋರಿಲ್ಲದೆ ಹೋಗಬಾರದು.”

ಅವರಿಗೆ ತುಟಿ ಮಾಸ್ತರು ಅನ್ನೋ ಹೆಸರು ಬಂದದ್ದು ಇನ್ನೊಂದು ಕಾರಣಕ್ಕೆ. ಇಲಿಗೆ ಚುಚ್ಚೋ ಮೊದಲು ಮಾಂಸದ ಚೂರೊಂದನ್ನು ಕೆಳತುಟಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂರೋರು. ಜುಮ್ ಅಂದರೆ “ಬಂತು ಮಹಾರಾಯ” ಅನ್ನೋರು. ಒಂದು ಸಲವೂ ತಪ್ಪಿಲ್ಲ. ಯಂತ್ರ ಬಂತು, ಇಲಿಕೋಣೆಗೆ ಬೀಗ ಬಿತ್ತು, ಮಾಸ್ತರು ನಿವೃತ್ತರಾದರು. ಬೀಳ್ಕೊಡುಗೆಗೆ ಏನು ಬೇಕು ಅಂದಾಗ ಆ ಸ್ಟಾಪ್‌ವಾಚ್ ಕೇಳಿ ತಗೊಂಡರು. ಅಂಕಿ ತೋರಿಸೋ ಬೂದು ಬಣ್ಣದ ಸಣ್ಣ ವಾಚ್, ಒತ್ತಿದರೆ ‘ಪೀಂ’ ಅನ್ನುತ್ತೆ. ಯಾವಾಗಲೂ ಅವರ ಕೊರಳಲ್ಲೇ ಇರುತ್ತಿತ್ತು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಗುರುವಾರ ಮಧ್ಯಾಹ್ನ ನಮ್ಮ ಅಕ್ಕನ ಮನೆಯಲ್ಲಿ ಊಟ, ಅದೊಂದು ಖಾಯಂ.

ಯಂತ್ರಕ್ಕೆ ಈ ಖಾಲಿ ಯಾಕೆ ಬೇಕು ಅಂದರೆ, ವಿಷವೇ ಇಲ್ಲದ ಮಾಂಸದಲ್ಲೂ ಅದಕ್ಕೆ ಸ್ವಲ್ಪ ಸದ್ದು ಕೇಳಿಸುತ್ತೆ. ಹಾಗಾಗಿ ಮೊದಲು ಒಳ್ಳೇ ಮಾಂಸ ಕೊಡಬೇಕು. ‘ನೋಡಪ್ಪಾ, ಇದು ಸೊನ್ನೆ’ ಅಂತ ಹೇಳಿದ ಹಾಗೆ. ಆಮೇಲೆ ಕೊಡೋ ಎಲ್ಲದರಿಂದಲೂ ಅದು ಅಷ್ಟನ್ನು ಕಳೆದು ಲೆಕ್ಕ ಹೇಳುತ್ತೆ. ಆ ಒಳ್ಳೇ ಮಾಂಸ ನಮ್ಮ ಅಕ್ಕನ ಹಗ್ಗದ್ದು. ಭಾವ ಕೊಲ್ಲಿಯ ತುದಿಯಲ್ಲಿ ಹಗ್ಗ ಇಳಿಬಿಟ್ಟು ಚಿಪ್ಪು ಬೆಳೆಸುತ್ತಾರೆ. ಒಂಬತ್ತು ವರ್ಷದಲ್ಲಿ ಅಲ್ಲಿ ಒಂದು ಹನಿ ವಿಷ ಸಿಕ್ಕಿಲ್ಲ. ಅದನ್ನೇ ಖಾಲಿ ಮಾಡೋಣ ಅಂದದ್ದು ನಾನು. ಅಕ್ಕನಿಗೆ ಅದೇ ದೊಡ್ಡ ಬಿರುದು. “ನಮ್ಮ ಚಿಪ್ಪು ಊರಿಗೇ ಸೊನ್ನೆ ಕಣ್ರೀ” ಅಂತ ಹೇಳಿಕೊಂಡು ಓಡಾಡುತ್ತಾಳೆ.

ಆ ಬುಧವಾರ ಹಳೇ ಡಬ್ಬಿಯ ತಳದಲ್ಲಿ ಒಂದೆರಡು ಚಮಚ ಉಳಿದಿತ್ತು ಅಷ್ಟೇ. ಅಕ್ಕನ ಹಗ್ಗದಿಂದ ಹೊಸ ಚಿಪ್ಪು ತರಿಸಿ, ರುಬ್ಬಿ ತುಂಬಿಸಿದೆ. ಹೊಸ ಖಾಲಿಯನ್ನು ಹಳೇ ಖಾಲಿಯ ಜೊತೆ ಹೋಲಿಸಿ ನೋಡದೆ ಬಳಸಬಾರದು. ಇದು ಮಾಸ್ತರು ಬರೆದ ನಿಯಮ, ಫ್ರೀಜರಿನ ಬಾಗಿಲಿಗೇ ಅಂಟಿಸಿದ್ದಾರೆ. ನಾನು ಹೋಲಿಸಲಿಲ್ಲ. ಅಕ್ಕನ ಹಗ್ಗ ತಾನೇ ಅಂದುಕೊಂಡೆ. ಅಷ್ಟೇ. ಇದನ್ನು ಎಷ್ಟು ಸುತ್ತಿ ಬಳಸಿ ಹೇಳಿದರೂ ಅಷ್ಟೇ.

ಗುರುವಾರ ಬೆಳಿಗ್ಗೆ ಲ್ಯಾಬಿಗೆ ಬಂದಾಗ ಕಾಂಪೌಂಡಿನ ಗೋಡೆ ಮೇಲೆ ಕಡಲಹಕ್ಕಿಗಳು ಸಾಲಾಗಿ ಕೂತಿದ್ದವು. ದಿನಾ ನನ್ನ ಸ್ಕೂಟರಿನ ಸದ್ದಿಗೇ ಹಾರಿಹೋಗುತ್ತಿದ್ದವು. ಅವತ್ತು ಹಾರಲಿಲ್ಲ. ಹತ್ತಿರ ಹೋಗಿ ಚಪ್ಪಾಳೆ ಹೊಡೆದೆ. ಕಣ್ಣು ಮಾತ್ರ ನನ್ನ ಕಡೆ ತಿರುಗಿಸಿದವು. “ಏನ್ರೋ, ರಜಾನಾ?” ಅಂತ ಬೈದು ಒಳಗೆ ಹೋದೆ. ಮೆಟ್ಟಿಲ ಹತ್ತಿರ ನಮ್ಮ ಕಳ್ಳಬೆಕ್ಕು ಹಿಂಗಾಲು ಎಳೆದುಕೊಂಡು, ನಾವು ಮಿಕ್ಕ ಚಿಪ್ಪಿನ ಮಾಂಸ ಹಾಕೋ ಬಟ್ಟಲಿನ ಕಡೆ ಬರುತ್ತಿತ್ತು. ಎಲ್ಲೋ ಬಿದ್ದು ಏಟು ಮಾಡಿಕೊಂಡಿದೆ ಅಂದುಕೊಂಡೆ. ಈಗ ಕೇಳಿ, ಕಣ್ಣೆದುರಿಗೇ ಇದ್ದದ್ದು ಯಾಕೆ ಕಾಣಲಿಲ್ಲ ಅಂತ. ನನಗೆ ಗೊತ್ತಿಲ್ಲ. ಬಂದರಿನಲ್ಲಿ ದೋಣಿಗಳು ನನ್ನ ಒಂದು ಸಹಿಗೆ ಕಾಯುತ್ತಿದ್ದವು, ಹತ್ತು ಗಂಟೆಯೊಳಗೆ ಮೂರು ಸಲ ಫೋನ್ ಬಂದಿತ್ತು. ನನ್ನ ತಲೆಯೆಲ್ಲಾ ಅಲ್ಲಿತ್ತು.

ಏಳು ಮಾದರಿ ಹಾಕಿದೆ. ಫಲಿತಾಂಶ ಬಂತು. ಅಕ್ಕನ ಹಗ್ಗದ್ದು ಸೊನ್ನೆ. ದುಂಡಗೆ ಸೊನ್ನೆ. ಉಳಿದ ಆರೂ ಸೊನ್ನೆಗಿಂತ ಕಮ್ಮಿ. ಒಂದು ಮೈನಸ್ ಹನ್ನೆರಡು, ಒಂದು ಮೈನಸ್ ನಲವತ್ತು. “ಏನು ಯಂತ್ರ ತಂದುಕೊಟ್ಟಿದ್ದಾರೋ” ಅಂತ ಅದರ ತಲೆಗೆ ಒಂದು ಮೊಟಕಿ, ಎಲ್ಲವನ್ನೂ ಸೊನ್ನೆ ಅಂತ ಬರೆದು, ಹನ್ನೊಂದು ಗಂಟೆಗೆ ಸಹಿ ಹಾಕಿದೆ. ಬಂದರಿನ ಕಂಬದ ಮೇಲೆ, ಚಿಪ್ಪು ಮಾರಬಹುದು ಅನ್ನೋ ಹಸಿರು ಬಾವುಟ ಏರಿದ್ದು ಕಿಟಕಿಯಿಂದಲೇ ಕಾಣಿಸಿತು.

ಹನ್ನೊಂದೂವರೆಗೆ ಮಾಸ್ತರು ಬಂದರು. ಕೈಯಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಎರಡು ಚಿಪ್ಪು.

“ನಿಮ್ಮ ಅಕ್ಕನ ಹಗ್ಗದ್ದೇ. ನಿನ್ನ ಭಾವ ದೋಣಿ ಹತ್ತಿರ ಕೊಟ್ಟ. ತುಟಿ ಜುಮ್ ಅಂತಿದೆ ಮಗಳೇ.”

“ಮಾಸ್ತರೇ, ನಿಮ್ಮ ತುಟಿಗೆ ಎಪ್ಪತ್ತಮೂರು ವಯಸ್ಸು. ಗಾಳಿ ಬೀಸಿದರೂ ಜುಮ್ ಅನ್ನುತ್ತೆ.”

“ಅದೂ ನಿಜವೇ,” ಅಂದರು. ಆದರೂ ಹೋಗಲಿಲ್ಲ. ನನ್ನ ಹಿಂದೆ ಬಂದು ಪರದೆ ನೋಡಿದರು. “ಇದೇನಿದು, ಸೊನ್ನೆಗಿಂತ ಕಮ್ಮಿ? ಏನೂ ಇಲ್ಲದ್ದಕ್ಕಿಂತ ಕಮ್ಮಿ ವಿಷ ಅಂದರೆ ಏನಮ್ಮಾ? ತಿಂದರೆ ಆಯಸ್ಸು ಜಾಸ್ತಿಯಾಗುತ್ತಾ?”

ಅವರು ನಗುತ್ತಲೇ ಕೇಳಿದ್ದು. ನಾನು ಸಿಡಿದುಬಿಟ್ಟೆ. “ನಿಮ್ಮ ಕಾಲ ಮುಗೀತು ಮಾಸ್ತರೇ. ಇದು ಇಲಿ ಅಲ್ಲ, ಯಂತ್ರ. ನಾನು ಸೊನ್ನೆ ಅಂದರೆ ಸೊನ್ನೆ. ಸುಮ್ಮನೆ ಊಟಕ್ಕೆ ಹೋಗಿ.”

ಅವರ ಮುಖ ಸಣ್ಣದಾಯಿತು. ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡು, “ಸರಿ ತಾಯಿ, ನೀನು ಅಂದರೆ ಅಷ್ಟೇ” ಅಂದು ಮೆಟ್ಟಿಲಿಳಿದರು. ಕೆಳಗೆ ಬೆಕ್ಕಿನ ಹತ್ತಿರ ಒಂದು ಗಳಿಗೆ ನಿಂತು, ಬಗ್ಗಿ ನೋಡಿ, ಮತ್ತೆ ನನ್ನ ಕಿಟಕಿ ಕಡೆ ತಲೆ ಎತ್ತಿದರು. ನಾನು ಕೆಲಸ ಇರೋ ಹಾಗೆ ಮುಖ ತಿರುಗಿಸಿದೆ.

ಒಂದೂವರೆಗೆ ಅಕ್ಕನ ಫೋನ್.

“ಲೇ ಮೆಣಸಿನಕಾಯಿ, ಊಟಕ್ಕೆ ಬರ್ತೀಯೇನೇ? ನಾವಂತೂ ಮುಗಿಸಿದೆವು. ನಿನ್ನ ಭಾವ ಇನ್ನೂ ದೋಣಿ ಹತ್ತಿರಾನೇ ಇದ್ದಾರೆ, ಮಾಸ್ತರೂ ನಾನೂ ಎರಡೆರಡು ತಟ್ಟೆ ಬಾರಿಸಿದೆವು. ಒಂದು ತಮಾಷೆ ಗೊತ್ತಾ, ತುಟಿಯೆಲ್ಲಾ ಇರುವೆ ಹರಿದ ಹಾಗಾಗ್ತಿದೆ. ಕಾರ ಜಾಸ್ತಿ ಆಯ್ತೋ ಏನೋ. ಮಾಸ್ತರು ಬೇರೆ ಕುಡಿದವರ ಥರ ತೊದಲ್ತಿದ್ದಾರೆ…” ಅವಳ ‘ರ’ ಸರಿಯಾಗಿ ಹೊರಡುತ್ತಿರಲಿಲ್ಲ.

“ಅಕ್ಕ, ಈಗಲೇ ಆಸ್ಪತ್ರೆಗೆ ಹೋಗು. ಭಾವನ್ನ ಕೂಗು. ಮಾಸ್ತರನ್ನೂ ಕರಕೊಂಡು ಹೋಗು. ಮಾತಾಡಬೇಡ, ಹೋಗು!”

ಫೋನ್ ಇಟ್ಟು ಯಂತ್ರದ ಮುಂದೆ ಕೂತೆ. ಕಳೆಯೋ ಮೊದಲಿನ ಅಂಕಿಗಳದ್ದು ಬೇರೆ ಪುಟ ಇರುತ್ತೆ, ಅದನ್ನು ಯಾರೂ ತೆಗೆಯಲ್ಲ. ತೆಗೆದೆ. ಖಾಲಿಯ ಗೆರೆ ನೆಲದ ಮೇಲೆ ಮಲಗಿರಬೇಕಿತ್ತು. ಅದು ಪುಟದ ನೆತ್ತಿ ಮುಟ್ಟಿ ನಿಂತಿತ್ತು. ಏಳು ಮಾದರಿಯಲ್ಲೂ ವಿಷ ತುಂಬಿ ತುಳುಕುತ್ತಿತ್ತು, ಎಲ್ಲಕ್ಕಿಂತ ಜಾಸ್ತಿ ಅಕ್ಕನ ಹಗ್ಗದಲ್ಲಿ. ನಾನು ವಿಷವನ್ನೇ ಸೊನ್ನೆ ಅಂತ ಹೇಳಿಕೊಟ್ಟಿದ್ದೆ. ಯಂತ್ರ ಪಾಪ, ಹೇಳಿದ ಹಾಗೆ ಕೇಳಿ, ವಿಷದಲ್ಲಿ ವಿಷ ಕಳೆದು ಕೊಟ್ಟಿತ್ತು.

ಬಂದರಿಗೆ ಫೋನ್ ಮಾಡಿ ಬಾವುಟ ಇಳಿಸಲು ಹೇಳಿದೆ. “ಈಗ ತಾನೇ ಸೊನ್ನೆ ಅಂದ್ರಲ್ಲಾ ಮೇಡಂ?” ಅಂದರು. “ನನ್ನ ತಲೆ! ಇಳಿಸ್ರೀ! ಮಾರಿದ್ದೆಲ್ಲಾ ವಾಪಸ್ ತರಿಸ್ರೀ!” ಅಂತ ಕಿರುಚಿದೆ. ಅಂಗಡಿ, ಹೋಟೆಲು ಅಂತ ಒಂದೊಂದಕ್ಕೂ ಫೋನ್ ಮಾಡಿ ಮುಗಿಸೋ ಹೊತ್ತಿಗೆ ಎರಡೂಕಾಲು ದಾಟಿತ್ತು. ಊರಿನಲ್ಲಿ ಹನ್ನೊಂದು ಜನರಿಗೆ ತುಟಿ ಜುಮ್ ಅಂದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಅದನ್ನು ಜನ ಈಗಲೂ ನನ್ನ ಪುಣ್ಯ ಅನ್ನುತ್ತಾರೆ.

ನಮ್ಮದು ಸಣ್ಣ ಆಸ್ಪತ್ರೆ. ಒಬ್ಬ ಕಿರಿಯ ಡಾಕ್ಟರು, ಒಬ್ಬ ನರ್ಸಮ್ಮ. ಉಸಿರಾಟದ ಯಂತ್ರ ಇರೋದು ದೊಡ್ಡ ಊರಿನಲ್ಲಿ, ಅಲ್ಲಿಂದ ಆಂಬುಲೆನ್ಸ್ ಹೊರಟಿತ್ತು, ಇನ್ನೂ ಒಂದು ಗಂಟೆ ಬೇಕು. ನಾನು ಒಳಗೆ ನುಗ್ಗಿದಾಗ ಒಂದೇ ಕೋಣೆಯಲ್ಲಿ ಎರಡು ಮಂಚ, ನಡುವೆ ಹಸಿರು ಪರದೆ. ಆಚೆ ಮಂಚದ ಕಡೆಯಿಂದ ಡಾಕ್ಟರು ಬೆವರು ಒರೆಸಿಕೊಳ್ಳುತ್ತಾ ಈಚೆ ಬಂದರು, ಕೈಯಲ್ಲಿ ಉಸಿರು ಒತ್ತೋ ರಬ್ಬರ್ ಚೀಲ. ಅವರ ಹತ್ತಿರ ಇದ್ದದ್ದು ಅದೊಂದೇ.

“ಹಿರಿಯರು ಹೋದರು. ಎರಡು ನಲವತ್ತು,” ಅಂತ ನರ್ಸಮ್ಮನಿಗೆ ಹೇಳಿ ಬರೆಸಿದರು. ಪರದೆಯ ಸಂದಿಯಲ್ಲಿ ಬಿಳಿ ಹೊದಿಕೆ ಕಾಣಿಸಿತು. ತಲೆ ತನಕ ಎಳೆದಿದ್ದರು.

ಈಚೆ ಮಂಚದಲ್ಲಿ ನಮ್ಮ ಅಕ್ಕ. ತುಟಿ ನೀಲಿಯಾಗಿತ್ತು. ಭಾವ ಅವಳ ಪಾದ ಹಿಡಿದು, “ಹೋಗಿಬಿಟ್ಟಳು, ಇವಳೂ ಹೋಗಿಬಿಟ್ಟಳು, ಕಣ್ಣು ನೋಡು, ಅಲ್ಲಾಡ್ತಿಲ್ಲ” ಅಂತ ಅಳುತ್ತಿದ್ದರು. ಡಾಕ್ಟರು ಟಾರ್ಚ್ ಹಾಕಿ ನೋಡಿದರು. ಕಣ್ಣಿನ ಗೊಂಬೆ ಕದಲಲಿಲ್ಲ. ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು, ಇವರೂ ಕೈಬಿಡ್ತಾರೆ ಅಂತ.

ನಾನು ಚೀಲ ಕಿತ್ತುಕೊಂಡೆ. “ಯಾರೂ ಹೋಗಿಲ್ಲ! ಕೈಕಾಲು ನಿಂತರೆ ಸತ್ತ ಹಾಗಲ್ಲ. ನಾಡಿ ನೋಡಿ, ಇದೆ ತಾನೇ? ಇವಳಿಗೆ ನಾವು ಮಾತಾಡೋದೆಲ್ಲಾ ಕೇಳಿಸ್ತಾ ಇದೆ. ಭಾವ, ಬಾಯಿ ಮುಚ್ಚಿ, ನಿಮ್ಮ ಅಳು ಕೇಳಿ ಅವಳು ಹೆದರಿಕೊಳ್ತಾಳೆ.”

ಮುಖವಾಡ ಒತ್ತಿ ಹಿಡಿದು ಚೀಲ ಹಿಸುಕಿದೆ. ಅಕ್ಕನ ಎದೆ ಎದ್ದಿತು, ಇಳಿಯಿತು. ಮತ್ತೆ. ಹಾಗೇ ಅರ್ಧ ಗಂಟೆ ಆಗುತ್ತಾ ಬಂತು. ಡಾಕ್ಟರು ಹೊರಗೆ ಹೋಗಿ ಆಂಬುಲೆನ್ಸಿನವರ ಜೊತೆ ಫೋನಿನಲ್ಲಿ ಕಿರುಚುತ್ತಿದ್ದರು. ನರ್ಸಮ್ಮ ಸೂಜಿ ತರೋಕೆ ಹೋದರು. ಭಾವ ಅವಳ ಕಾಲ ಹತ್ತಿರ ಗೋಡೆಗೆ ಒರಗಿ ಕುಸಿದಿದ್ದರು. ನಾನು ಒಂದೇ ಸಮನೆ ಬೈಯುತ್ತಿದ್ದೆ. “ಲೇ ಅಕ್ಕ, ಎರಡು ತಟ್ಟೆ ತಿಂದ್ಯಲ್ಲೇ ಹೊಟ್ಟೆಬಾಕಿ. ನನಗೆ ಒಂದು ಮಾತು ಕೇಳಬಾರದಿತ್ತಾ. ಕೇಳಿದ್ದರೂ ತಿನ್ನು ಅಂತಿದ್ದೆ. ನಾನೇ ಕಣೇ. ನಿನ್ನ ಚಿಪ್ಪನ್ನ ಸೊನ್ನೆ ಅಂತ ಇಟ್ಟುಕೊಂಡವಳು ನಾನೇ. ಸತ್ತುಗಿತ್ತು ಹೋದೆ ಅಂದರೆ ನೋಡು, ಹುಷಾರ್.” ಅಳು ಬಂತು, ಒರೆಸಿಕೊಳ್ಳೋಕೆ ಕೈ ಖಾಲಿ ಇರಲಿಲ್ಲ.

ಆ ಹೊತ್ತಿನಲ್ಲಿ ಎಲ್ಲೋ ‘ಪೀಂ’ ಅಂತ ಒಂದು ಸದ್ದಾಯಿತು. ತೀರಾ ಹತ್ತಿರದಲ್ಲಿ. ಆಸ್ಪತ್ರೆಯ ಯಾವುದೋ ಯಂತ್ರ ಇರಬೇಕು ಅಂದುಕೊಂಡೆ. ಪರದೆಯ ಕಡೆ ತಿರುಗಲಿಲ್ಲ. ಮುಂದಿನ ಉಸಿರಿಗೆ ಚೀಲ ಹಿಸುಕಿದೆ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಆಂಬುಲೆನ್ಸ್ ಬಂತು. ಅಕ್ಕ ಉಳಿದಳು.

ಮೂರನೇ ದಿನ ದೊಡ್ಡ ಆಸ್ಪತ್ರೆಯಲ್ಲಿ ಅವಳ ಗಂಟಲಿನ ಕೊಳವೆ ತೆಗೆದರು. ಮೊದಲು ಅವಳು ಮಾಡಿದ್ದು ನನ್ನನ್ನು ಬೈಯೋದು. “ಹೊಟ್ಟೆಬಾಕಿ ಅಂದ್ಯಲ್ಲೇ ನನ್ನ. ಎಲ್ಲಾ ಕೇಳಿಸ್ತು.” ದನಿ ಗೊಗ್ಗರಾಗಿತ್ತು. ನಾನು ನಕ್ಕೆ, ಅತ್ತೆ, ಕಾಲು ಹಿಡಕೊಂಡೆ. ಅವಳು ಬಿಡಿಸಿಕೊಂಡಳು. ಆಮೇಲೆ ಚಾವಣಿ ನೋಡುತ್ತಾ ಹೇಳಿದಳು.

“ಮಾಸ್ತರು ನನಗೆ ಊಟದ ಮೊದಲೇ ಹೇಳಿದ್ದರು ಕಣೇ. ‘ತುಟಿ ಜುಮ್ ಅಂತಿದೆ. ಆದರೆ ನಿನ್ನ ತಂಗಿ ಸಹಿ ಹಾಕಿದ್ದಾಳೆ. ಅವಳಿಗೆ ಕಲಿಸಿದವನು ನಾನು. ಅವಳನ್ನ ನಂಬದೆ ನನ್ನ ತುಟಿ ನಂಬಲಾ?’ ಅಂತ ತಟ್ಟೆ ಎಳಕೊಂಡರು. ಬಂದರಿನ ಹನ್ನೆರಡು ಗಂಟೆ ಸೈರನ್ ಕೂಗಿತಲ್ಲ, ಸರಿಯಾಗಿ ಆ ಹೊತ್ತಿಗೆ ಮೊದಲ ತುತ್ತು. ತಮಾಷೆಗೆ ಕೊರಳಿನ ವಾಚ್ ಒತ್ತಿದರು. ‘ನಾನು ಗೆಲ್ತೀನೋ ಅವಳು ಗೆಲ್ತಾಳೋ ನೋಡೋಣ, ಅವಳೇ ಗೆಲ್ಲಲಿ’ ಅಂದರು.”

ನಾನು ಲೋಟಕ್ಕೆ ನೀರು ಬಗ್ಗಿಸಿ ಅವಳ ತುಟಿಗೆ ಹಿಡಿದೆ.

“ಆಮೇಲೆ ಆ ಮಂಚದಲ್ಲಿ ನನಗೆ ಕಣ್ಣು ತೆರೆಯೋಕಾಗ್ತಿಲ್ಲ, ಬೆರಳು ಆಡ್ತಿಲ್ಲ. ಪಕ್ಕದಲ್ಲಿ ಹೋದರು ಅಂದರು. ಹೊದಿಕೆ ಎಳೆದ ಸದ್ದು ಕೇಳಿಸ್ತು. ನೀನು ಬಂದೆ, ಬೈದೆ. ಎಷ್ಟೋ ಹೊತ್ತಾದಮೇಲೆ ಆ ಕಡೆಯಿಂದ ಪೀಂ ಅಂತು. ಅದು ಮಾಸ್ತರ ವಾಚ್ ಕಣೇ. ಊಟಕ್ಕೆ ಕೂತಾಗ ಕೇಳಿದ್ದೆನಲ್ಲ, ಅದೇ ಸದ್ದು. ಯಾರು ಒತ್ತಿದ್ದು?”

“ನರ್ಸಮ್ಮ ಇರಬೇಕು ಬಿಡು,” ಅಂದೆ.

“ನರ್ಸಮ್ಮ ಸೂಜಿ ತರೋಕೆ ಹೋಗಿದ್ದರು. ಡಾಕ್ಟರು ಹೊರಗೆ ಕಿರುಚ್ತಿದ್ದರು. ನಿನ್ನ ಭಾವ ನನ್ನ ಕಾಲ ಹತ್ತಿರ ಇದ್ದರು. ನಿನ್ನ ಎರಡೂ ಕೈ ನನ್ನ ಮುಖದ ಮೇಲಿತ್ತು. ಎಲ್ಲಾ ಎಣಿಸಿಕೊಂಡೇ ಮಲಗಿದ್ದೆ ನಾನು, ಬೇರೇನು ಕೆಲಸ ಇತ್ತು? ಆ ಕಡೆ ಯಾರೂ ಇರಲಿಲ್ಲ ಕಣೇ.” ನನ್ನ ಕೈ ಹುಡುಕಿ ಹಿಡಕೊಂಡಳು. “ಅವರಿಗೂ ಕೇಳಿಸ್ತಿತ್ತಾ? ನೀನು ಬಂದದ್ದು?”

ಮಾಸ್ತರಿಗೆ ಯಾರೂ ಇಲ್ಲದ್ದರಿಂದ ಅವರ ಸಾಮಾನಿನ ಚೀಲ ನನ್ನ ಕೈಗೇ ಕೊಟ್ಟಿದ್ದರು. ನಾನು ಬಿಚ್ಚಿರಲಿಲ್ಲ. ಅವತ್ತು ಸಂಜೆ ಲ್ಯಾಬಿಗೆ ಹೋಗಿ ಬಿಚ್ಚಿದೆ. ಕನ್ನಡಕ, ಮಡಚಿದ ಪೊಟ್ಟಣದಲ್ಲಿ ಎರಡು ಚಿಪ್ಪು, ದಾರದ ಸಮೇತ ವಾಚ್. ನಿಂತಿತ್ತು. ಮೂರು ಗಂಟೆ ಏಳು ನಿಮಿಷ ಐವತ್ತೆರಡು ಸೆಕೆಂಡು. ಹನ್ನೆರಡಕ್ಕೆ ಶುರುವಾದ ವಾಚಿಗೆ ಗಡಿಯಾರದ ಲೆಕ್ಕ ಬೇರೆ ಬೇಕಿಲ್ಲ. ಡಾಕ್ಟರು ಎರಡು ನಲವತ್ತು ಅಂತ ಬರೆಸಿದ್ದರು. ಅಲ್ಲಿಂದ ಇಪ್ಪತ್ತೆಂಟು ನಿಮಿಷ, ಅದರಲ್ಲಿ ಎಂಟು ಸೆಕೆಂಡು ಕಮ್ಮಿ.

ಹೊದಿಕೆಗೆ ಸಿಕ್ಕಿ ಗುಂಡಿ ಒತ್ತಿರಬಹುದು, ಸತ್ತವರ ಬೆರಳು ತಾನಾಗಿ ಸೆಟೆದಿರಬಹುದು ಅಂತ ಡಾಕ್ಟರು ಹೇಳುತ್ತಾರೆ. ಇರಬಹುದು. ಆ ಮಂಚಕ್ಕೂ ನನಗೂ ನಡುವೆ ಒಂದು ಬಟ್ಟೆ ಇತ್ತು ಅಷ್ಟೇ. ಚೀಲ ಒಂದೇ ಇದ್ದದ್ದು ನಿಜ, ಆದರೆ ನರ್ಸಮ್ಮನ ಬಾಯಲ್ಲೂ ಭಾವನ ಬಾಯಲ್ಲೂ ಉಸಿರಿತ್ತು. ಹೊದಿಕೆ ಎತ್ತಿ ಪಕ್ಕೆ ನೋಡಿ ಅಂತ ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಫ್ರೀಜರಿನಿಂದ ನೀಲಿ ಮುಚ್ಚಳದ ಡಬ್ಬಿ ತೆಗೆದು ಹೊರಗಿಟ್ಟೆ. ಇಲಿಕೋಣೆಯ ಬೀಗ ತೆಗೆದೆ. ಪುಸ್ತಕ ಮೇಜಿನ ಮೇಲೇ ಇತ್ತು, ಧೂಳು ಒರೆಸಿ, ಕೊನೆಯ ಇಲಿಯ ಸಾಲಿನ ಕೆಳಗೆ ಬರೆದೆ. ಮಾದರಿ: ಅಕ್ಕನ ಹಗ್ಗ. ಶುರು: ಹನ್ನೆರಡು. ಕೊನೆ ಉಸಿರು: ಮೂರು, ಏಳು, ಐವತ್ತೆರಡು.

ನೋಡಿದವರು ಅನ್ನೋ ಕಾಲಂ ಖಾಲಿ ಬಿಟ್ಟೆ.